ಐದು ಪಡ್ಲಿಗೆ ಸುತ್ತುವಷ್ಟು ಜಾಗ

ಹರಕೆ ಹೊರುವವರು ಮಾತನ್ನು ಅಳೆದು ಆಡುವುದಿಲ್ಲ. ಸಂಕಟದ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಬಂತು, ತಾಯಿ ಕೇಳಿಸಿಕೊಂಡಳು, ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಹಿಗ್ಗಿಸಲೂ ಬರುವುದಿಲ್ಲ, ಕುಗ್ಗಿಸಲೂ ಬರುವುದಿಲ್ಲ. ಮಾಲಾಳ ಹರಕೆಯೂ ಅಂಥದ್ದೇ.

ಎರಡು ವರ್ಷದ ಹಿಂದೆ ಅವಳ ಗಂಡ ತೀರ್ಥೇಶ್ ಅಂಜನಾಪುರದ ಕಡೆಯ ಒಂದು ತೋಟದಲ್ಲಿ ಕೊಳವೆಬಾವಿಯಿಂದ ಮೋಟಾರ್ ಎತ್ತಿಸುತ್ತಿದ್ದಾಗ ಸರಪಳಿ ಜಾರಿ ಬಲಗೈ ಜಜ್ಜಿಹೋಗಿತ್ತು. ಶಿಕಾರಿಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನಿಗೆ ಬೆರಳೇ ಬದುಕು. ತೆಳ್ಳನೆಯ ತಾಮ್ರದ ತಂತಿಯನ್ನು ಸುತ್ತಿ ಸುತ್ತಿ ಸಂದಿಯೊಳಗೆ ಕೂರಿಸುವ ಕೆಲಸ ಅದು. ಬೆರಳು ಮತ್ತೆ ಮಡಚುತ್ತದೋ ಇಲ್ಲವೋ ಹೇಳಲಿಕ್ಕಾಗದು ಎಂದಿದ್ದರು ಡಾಕ್ಟರು. ಮಾಲಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಾಯಿಯ ಗುಹೆಗುಡಿ ಇರುವ ಚಂದ್ರಗುತ್ತಿ ಯಾವ ದಿಕ್ಕಿಗೆ ಎಂಬುದೂ ತಿಳಿಯದೆ ಸುಮ್ಮನೆ ಎದುರಿನ ಗೋಡೆಗೆ ಕೈ ಮುಗಿದು ಹೇಳಿಕೊಂಡಿದ್ದಳು: "ಗುತ್ಯಮ್ಮ, ಇವರ ಬೆರಳು ಮಡಚಂಗೆ ಮಾಡು. ನಾನು ದೀಪ ಹಚ್ಚೋ ಮನೇಲೇ, ನನ್ನ ಕೈಯಾರೆ, ಐದು ಪಡ್ಲಿಗೆ ತುಂಬಿಸ್ತೀನಿ."

ಪಡ್ಲಿಗೆ ಎಂದರೆ ಅರಿಸಿನ ಬಳಿದ ಬಿದಿರಿನ ಬುಟ್ಟಿ. ಹುಣ್ಣಿಮೆಯ ದಿನ ಹೋಳಿಗೆ, ಕಡುಬು, ಅನ್ನ, ಪಲ್ಯ ಎಲ್ಲವನ್ನೂ ಅದರಲ್ಲಿ ತುಂಬಿ, ಕಂಬಳಿಯ ಮೇಲೆ ನಡುವೆ ಒಂದು, ಸುತ್ತ ನಾಲ್ಕು ಇಡುತ್ತಾರೆ. ಐದು ಜನ ಮುತ್ತೈದೆಯರು ಕೈಯಲ್ಲಿ ದೀಪ ಹಿಡಿದು, ಉಧೋ ಉಧೋ ಎನ್ನುತ್ತ ಐದು ಸುತ್ತು ಬರುತ್ತಾರೆ. ಆ ಹೊತ್ತಿಗೆ ತಾಯಿ ಆ ಮನೆಗೆ ಬಂದು ಹೋಗುತ್ತಾಳೆಂಬ ನಂಬಿಕೆ. ನಂಬಿಕೆ ಅನ್ನುವುದು ಹೊರಗಿನವರ ಮಾತು. ಸುತ್ತು ಬಂದವರು ಕಂಡದ್ದು ಅನ್ನುತ್ತಾರೆ.

ತೀರ್ಥೇಶನ ಬೆರಳುಗಳು ಮಡಚಿದವು. ಮೊದಲು ಹೆಬ್ಬೆರಳು, ತಿಂಗಳು ಕಳೆದ ಮೇಲೆ ತೋರುಬೆರಳು, ಹೀಗೆ ಒಂದೊಂದಾಗಿ, ಕೊನೆಗೆ ಕಿರುಬೆರಳೂ. ಅವನು ಮತ್ತೆ ತಂತಿ ಸುತ್ತತೊಡಗಿದ. ಹೋದ ವರ್ಷದ ಭಾರತ ಹುಣ್ಣಿಮೆಗೆ ಸೂತಕ ಬಂದು ಹರಕೆ ತಪ್ಪಿತು. ಈ ವರ್ಷದ ಹುಣ್ಣಿಮೆಗೆ ಇನ್ನು ಮೂರೇ ವಾರ ಉಳಿದಿತ್ತು. ತೊಡಕಿದ್ದದ್ದು ಮನೆಯದು.

ಶಿರಾಳಕೊಪ್ಪ ರಸ್ತೆಯ ಒತ್ತಿನಲ್ಲಿ ಎದ್ದ ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಹೊರಗಿನ ಕೋಣೆ ಹತ್ತಡಿಗೆ ಹನ್ನೊಂದಡಿ. ಒಳಗೊಂದು ಸಣ್ಣ ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದ ಅಡುಗೆಮನೆ. ಹೊರಗಿನ ಕೋಣೆಯಲ್ಲಿ ಮಂಚ, ಕಬ್ಬಿಣದ ಬೀರು, ಮಾಲಾಳ ಹೊಲಿಗೆ ಮಿಷನ್ನು, ಟಿವಿ ಇಟ್ಟ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಅಕ್ಕಿ ಚೀಲ, ತೀರ್ಥೇಶನ ತಂತಿಯ ಉರುಳೆಗಳು. ಇಷ್ಟರ ನಡುವೆ ನಡೆದಾಡಲು ಉಳಿದದ್ದು ಒಂದು ಕಾಲುದಾರಿ. ಗಂಡ ಹೆಂಡತಿ ಎದುರುಬದುರಾದರೆ ಒಬ್ಬರು ಮಂಚ ಹತ್ತಬೇಕಿತ್ತು.

ಅತ್ತೆ ದುರ್ಗಮ್ಮ ಇರುವುದು ಸೊರಬ ತಾಲ್ಲೂಕಿನ ಉಳವಿಯಲ್ಲಿ, ದೊಡ್ಡ ಮಗ ಸೊಸೆಯ ಜೊತೆ. ಮನೆತನದ ಐದೂ ಪಡ್ಲಿಗೆ ಇದ್ದದ್ದು ಅವಳ ಸುಪರ್ದಿಯಲ್ಲಿ. ಅವಳು ತಾರದೆ ಪಡ್ಲಿಗೆ ಬಾರವು, ಅವಳು ಒಪ್ಪದೆ ಅವಳು ತಾರಳು. ಜಾಗ ನೋಡಿಹೋಗಲೆಂದು ಸೊರಬದಲ್ಲಿ ಬಸ್ಸು ಬದಲಿಸಿ ಬಂದವಳು ಬಾಗಿಲು ದಾಟುತ್ತಿದ್ದಂತೆ ಮೊಣಕಾಲನ್ನು ಮಂಚಕ್ಕೆ ಬಡಿಸಿಕೊಂಡಳು. ತಿರುಗಿದಾಗ ಸೆರಗು ಮಿಷನ್ನಿನ ಗಾಲಿಗೆ ಸಿಕ್ಕಿತು. ಅದನ್ನು ಬಿಡಿಸಿಕೊಂಡು, ಮಂಚದ ತುದಿಯಲ್ಲಿ ಕೂತು, ನಾಲ್ಕೂ ಗೋಡೆಯನ್ನು ನಿಧಾನಕ್ಕೆ ನೋಡಿದಳು.

"ಇದು ಮನೆ ಅಲ್ಲ ಕಣೇ ಮಾಲಾ, ಕಡ್ಡಿಪೆಟ್ಟಿಗೆ. ಕಡ್ಡಿಗಳಾದ್ರೂ ಸಾಲಾಗಿ ಮಲಗ್ತಾವೆ. ನಾವು ಐದು ಜನ ಇಲ್ಲಿ ಸುತ್ತಾದು ಹೆಂಗೆ?"

"ತಾಯಿನೇ ಗುಹೆ ಒಳಗೆ ಕೂತಿಲ್ವಾ ಅತ್ತೆ? ಅಲ್ಲೆಷ್ಟು ಜಾಗ ಐತೆ?"

"ಅವಳು ಕೂತಿರಾಳು, ಅವಳಿಗೆ ಅಷ್ಟು ಸಾಕು. ಸುತ್ತಾರು ನಾವು. ಒಬ್ಬಳ ಮೊಣಕೈ ಗೋಡೆಗೆ ತಾಗಿ ದೀಪ ನಂದಿದ್ರೆ ಯಾರು ಹೊಣೆ?"

ಉಳವಿಯ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನ ಸುತ್ತಬಹುದು, ಅಲ್ಲೇ ತುಂಬಿಸೋಣ ಎಂದಳು. ಆಗ ಮಾಲಾ ತಾನು ಹರಕೆ ಹೊತ್ತ ಮಾತನ್ನು ಅಕ್ಷರ ತಪ್ಪದೆ ಹೇಳಿದಳು. ನಾನು ದೀಪ ಹಚ್ಚೋ ಮನೇಲೇ. ದುರ್ಗಮ್ಮ ಉಳವಿಯ ಮಾತು ಬಿಟ್ಟಳು. ಎಪ್ಪತ್ತರ ಹತ್ತಿರದ ಆ ಹೆಂಗಸಿಗೆ ಮನುಷ್ಯರ ಜೊತೆ ವಾದ ಮಾಡಲು ಬರುತ್ತಿತ್ತು, ತಾಯಿಗೆ ಕೊಟ್ಟ ಮಾತಿನ ಜೊತೆ ಬರುತ್ತಿರಲಿಲ್ಲ. ಹೊರಡುವಾಗ ಒಂದು ಕಟ್ಟು ಹಾಕಿ ಹೊರಟಳು. ಹುಣ್ಣಿಮೆಯ ಹಿಂದಿನ ಮಂಗಳವಾರ ಬರುತ್ತಾಳೆ. ಐದು ಜನ ಐದು ಸುತ್ತು ಸುತ್ತಿ ನೋಡುವುದು. ಯಾರ ಮೈಯೂ ಯಾವುದಕ್ಕೂ ತಾಗದೆ, ಅವಳ ಮನಸ್ಸಿಗೂ ಸರಿ ಕಂಡರೆ ಪಡ್ಲಿಗೆ ತರುತ್ತಾಳೆ. ಇಲ್ಲವಾದರೆ ದೊಡ್ಡ ಮನೆ ಹಿಡಿದ ಮೇಲೆ ನೋಡಿಕೊಳ್ಳುವುದು. ದೊಡ್ಡ ಮನೆ ಎಂಬುದು ಮುಂದಿನ ವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ ಎಂಬುದು ಮಾಲಾಳಿಗೆ ಗೊತ್ತಿತ್ತು. ಅಲ್ಲಿಯ ತನಕ ಗಂಡ ಬೆರಳು ಮಡಚಿದಾಗಲೆಲ್ಲ ತಾನು ತಲೆ ತಗ್ಗಿಸಬೇಕು.

ಅತ್ತೆಯನ್ನು ಬಸ್ಸು ಹತ್ತಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಟೇಪು ಕೈಗೆತ್ತಿಕೊಂಡಳು. ಕೊರಳಿಗೆ ಟೇಪು ಹಾಕಿಕೊಂಡೇ ಬದುಕಿದವಳು ಅವಳು. ಎಂಬತ್ತು ಸೆಂಟಿಮೀಟರ್ ಬಟ್ಟೆಯಲ್ಲಿ ದಪ್ಪನೆಯ ಹೆಂಗಸಿಗೆ ಉದ್ದ ತೋಳಿನ ರವಿಕೆ ತೆಗೆದು, ಕಂಕುಳಿಗೆ ತೇಪೆಯನ್ನೂ ಉಳಿಸುವಂಥ ಕೈ. ಆದರೂ ತಾನು ಮಲಗಿ ಏಳುವ ಕೋಣೆಯನ್ನು ಒಂದು ದಿನವೂ ಅಳೆದಿರಲಿಲ್ಲ. ಮಂಚ ಆರೂಕಾಲಡಿಗೆ ನಾಲ್ಕಡಿ. ಬೀರು ಮೂರಡಿ, ಅದರ ಬಾಗಿಲು ತೆರೆಯಲು ಇನ್ನೊಂದೂವರೆ. ಎಲ್ಲವನ್ನೂ ಬಟ್ಟೆ ಕತ್ತರಿಸುವ ಕಾಗದದ ಮೇಲೆ ಬರೆದಳು. ಐದು ಪಡ್ಲಿಗೆ ಕೂಡಿಸಿದರೆ ನಾಲ್ಕಡಿ. ಹತ್ತರಲ್ಲಿ ನಾಲ್ಕು ಹೋದರೆ ಆ ಕಡೆ ಮೂರು, ಈ ಕಡೆ ಮೂರು. ಒಬ್ಬ ಹೆಂಗಸು ದೀಪ ಹಿಡಿದು ನಡೆಯಲು ಮೂರಡಿ ಧಾರಾಳ.

ಮನೆ ಸಣ್ಣದಾಗಿರಲಿಲ್ಲ. ನೆಲ ಕಳೆದುಹೋಗಿತ್ತು, ಅಷ್ಟೇ.

ತೀರ್ಥೇಶ್ ಊಟಕ್ಕೆ ಬರುವಷ್ಟರಲ್ಲಿ ಅವಳು ಮೊಬೈಲಿನಲ್ಲಿ ಸಣ್ಣ ಮನೆಗಳ ವಿಡಿಯೋ ಹದಿನಾಲ್ಕು ನೋಡಿದ್ದಳು. ಅಲ್ಲಿಯವರು ಮಂಚವನ್ನು ಗೋಡೆಗೆ ಎತ್ತಿ ಬಾಗಿಲಿನಂತೆ ಮುಚ್ಚುತ್ತಿದ್ದರು. ಪರದೆಯನ್ನು ಕಿಟಕಿಯ ಅಂಚಿಗೆ ಕಟ್ಟದೆ ಸೂರಿನಿಂದ ನೆಲದ ತನಕ ಇಳಿಬಿಡುತ್ತಿದ್ದರು. ಅನ್ನ ಬಡಿಸುತ್ತ ಅವಳು ಹೇಳುತ್ತಲೇ ಹೋದಳು. ಸಾರು ಹಾಕುವುದೇ ಮರೆಯಿತು. ಅವನು ಬರಿ ಅನ್ನ ಕಲಸುತ್ತ ಎಲ್ಲ ಕೇಳಿ, ಒಂದೇ ಒಂದು ಅಡ್ಡಮಾತು ಎತ್ತಿದ. ಮನೆ ಮಾಲೀಕರಾದ ಪಂಚಾಕ್ಷರಪ್ಪನವರು ಬೀಗದ ಕೈ ಕೊಡುವಾಗಲೇ ಹೇಳಿದ್ದರು: ಗೋಡೆಗೆ ಒಂದು ಮೊಳೆ ಹೊಡೆದರೂ ಆ ದಿನವೇ ಮನೆ ಖಾಲಿ. ಕ್ಯಾಲೆಂಡರನ್ನು ಕೂಡ ಅವರು ಕಿಟಕಿಯ ಸರಳಿಗೇ ಕಟ್ಟಿದ್ದರು.

ಮರುದಿನ ಮಾಲಾ ಮುನೀರ್ ಅಹ್ಮದನನ್ನು ಕರೆತಂದಳು. ಕೆರೆ ಕಡೆಯ ಓಣಿಯಲ್ಲಿ ಮಂಚ, ಕಪಾಟು ಮಾಡುವವನು. ಅವನ ಹೆಂಡತಿ ರಶೀದಾ ಮಾಲಾಳ ಹತ್ತಿರವೇ ಬಟ್ಟೆ ಹೊಲಿಸುತ್ತಿದ್ದಳು. ಅವನು ಕೋಣೆಯ ನಡುವೆ ನಿಂತು, ಕಿವಿಯ ಮೇಲಿನ ಪೆನ್ಸಿಲ್ಲನ್ನು ಮುಟ್ಟದೆ, ತನ್ನ ತಂದೆಯ ಕಾಲದ ಮನೆಯ ಕತೆ ಹೇಳಿದ. ಒಂದೇ ಕೋಣೆ, ಒಂಬತ್ತು ಜನ. ಆದರೂ ಹಗಲು ಹೊತ್ತು ಬಂದವರಿಗೆ ಅಲ್ಲಿ ಒಂದು ಚಾಪೆ ಕೂಡ ಕಾಣುತ್ತಿರಲಿಲ್ಲ. ಅವನ ತಾಯಿ ಬೆಳಗಾದರೆ ಎಲ್ಲವನ್ನೂ ಮೇಲಕ್ಕೆ ಏರಿಸಿಬಿಡುತ್ತಿದ್ದಳು.

"ನೆಲ ಎಷ್ಟು ಕಾಣ್ತೈತೋ ಮನೆ ಅಷ್ಟೈತೆ ನೋಡಕ್ಕ," ಎಂದ. "ನಿಮ್ಮನೇಲಿ ತಲೆ ಮೇಲಿನ ಮೂರಡಿ ಜೇಡಕ್ಕೆ ಬಾಡಿಗೆ ಕೊಟ್ಟಂಗೈತೆ."

ಮೊಳೆಯ ಮಾತು ಬಂದಾಗ ಮಾತ್ರ ಅವನೂ ಗಲ್ಲ ಕೆರೆದುಕೊಂಡ. ದಾರಿ ತೋರಿಸಿದ್ದು ತೀರ್ಥೇಶ್. ಎದುರಿನ ಸೈಟಿನಲ್ಲಿ ತಾರಸಿ ಹಾಕುತ್ತಿದ್ದರು; ಹಸಿ ಕಾಂಕ್ರೀಟಿನ ಭಾರವನ್ನೆಲ್ಲ ಕಬ್ಬಿಣದ ಜಾಕಿಗಳು ನೆಲಕ್ಕೂ ಸೂರಿಗೂ ಒತ್ತಿ ಹಿಡಿದು ನಿಂತಿದ್ದವು. ಅವಕ್ಕೆ ಯಾರು ಮೊಳೆ ಹೊಡೆದಿದ್ದಾರೆ ಎಂದು ಕೇಳಿದ. ಮರದ ಕಂಬ ನಿಲ್ಲಿಸಿ, ಬುಡಕ್ಕೆ ತಿರುಪು ಕೊಟ್ಟು, ಎರಡೂ ತುದಿಗೆ ರಬ್ಬರ್ ಹಾಕಿ ಬಿಗಿದರೆ ಗೋಡೆಯನ್ನು ಮುಟ್ಟುವ ಕೆಲಸವೇ ಇಲ್ಲ. ತಿರುಪುಗಳನ್ನು ತಾನೇ ಮಾಡಿಕೊಡುತ್ತೇನೆಂದ. ಹೇಳುವಾಗ ಬಲಗೈಯಿಂದ ಗಾಳಿಯಲ್ಲಿ ಸ್ಪ್ಯಾನರ್ ತಿರುಗಿಸಿ ತೋರಿಸಿದ. ಮಾಲಾ ಸ್ಪ್ಯಾನರನ್ನು ನೋಡಲಿಲ್ಲ, ಮಡಚಿದ ಬೆರಳುಗಳನ್ನು ನೋಡಿದಳು.

ಆಮೇಲಿನ ಹತ್ತು ದಿನ ಆ ಮನೆಯಲ್ಲಿ ಮದುವೆಯ ಸಂಭ್ರಮ. ನಾಲ್ಕು ಮೂಲೆಗೆ ನಾಲ್ಕು ಕಂಬ ನಿಂತವು, ಕಿಟಕಿಯ ಎದುರಿನ ಗೋಡೆಯ ಉದ್ದಕ್ಕೆ ಇನ್ನೆರಡು. ಬಾಗಿಲಿನ ತಲೆಯ ಎತ್ತರದಲ್ಲಿ, ಕಂಬದಿಂದ ಕಂಬಕ್ಕೆ, ಕೋಣೆಯ ಮೂರು ಮಗ್ಗುಲಿಗೂ ಹಲಗೆ ಓಡಿತು. ಬೀರು ಒಳಕೋಣೆಯ ಬಾಗಿಲ ಹಿಂದಕ್ಕೆ ಹೋಯಿತು. ಹಳೆಯ ಮಂಚವನ್ನೇ ಕೊಯ್ದು, ಕೀಲು ಹಾಕಿ, ಬೆಳಿಗ್ಗೆ ಎತ್ತಿ ನಿಲ್ಲಿಸಿದರೆ ಗೋಡೆಗೆ ಒರಗಿದ ಹಲಗೆಯಂತೆ ಕಾಣುವ ಹಾಗೆ ಮಾಡಿದ ಮುನೀರ್. ಮೊದಲ ಸಲ ಅದನ್ನು ಎತ್ತಿ ಕೊಂಡಿ ಹಾಕಿದಾಗ ಗಂಡ ಹೆಂಡತಿ ನೆಲ ನೋಡುತ್ತ ನಿಂತರು. ಆರು ವರ್ಷದಿಂದ ಮಂಚದ ಕೆಳಗಿದ್ದ ನೆಲದ ಕಲ್ಲು ಬೇರೆಯದಕ್ಕಿಂತ ಬಿಳುಪಾಗಿತ್ತು. ಮಾಲಾ ಅದರ ಮೇಲೆ ಹೋಗಿ ನಿಂತಳು, ಒಂದು ಸುತ್ತು ತಿರುಗಿದಳು. ಅಲ್ಲಿ ಅವಳು ಎಂದೂ ನಿಂತಿರಲಿಲ್ಲ.

ಹಲಗೆಯ ಮೇಲೆ ಹೋಗುವ ಸಾಮಾನಿಗೆಲ್ಲ ಅವಳು ಚೀಲ ಹೊಲಿದಳು. ಗೋಡೆಯ ಬಣ್ಣದ್ದೇ ಬಟ್ಟೆ, ಒಂದೇ ಥಾನಿನದು. ಕೌದಿಗೊಂದು, ಹಬ್ಬದ ಪಾತ್ರೆಗೊಂದು, ತಂತಿಯ ಉರುಳೆಗೊಂದು. ಬೇರೆ ಬೇರೆ ಬಣ್ಣ ಕಂಡರೆ ಕಣ್ಣು ಅಲ್ಲಲ್ಲೇ ತಡೆಯುತ್ತದೆ, ಒಂದೇ ಬಣ್ಣವಾದರೆ ಜಾರಿಕೊಂಡು ಮುಂದೆ ಹೋಗುತ್ತದೆ ಎಂಬುದು ಅವಳಿಗೆ ವಿಡಿಯೋ ನೋಡಿ ತಿಳಿಯಬೇಕಾಗಿರಲಿಲ್ಲ. ಕುಳ್ಳಗಿರುವ ಹೆಂಗಸರಿಗೆ ಸೀರೆಯ ಬಣ್ಣದ್ದೇ ರವಿಕೆ ಹೊಲಿದು ಕಳಿಸುತ್ತ ಕಲಿತದ್ದು. ಮಿಷನ್ನಿನ ಕಾಲಿಗೆ ಪುಟ್ಟ ಉರುಳುಗಾಲಿ ಬಂತು, ಅದು ಒಳಕೋಣೆಗೂ ಹೊರಕೋಣೆಗೂ ಕರೆದಾಗ ಬರುವ ಆಕಳಿನಂತೆ ಓಡಾಡಿತು. ದಿನಾ ಸಂಜೆ ಅವಳು ರಂಗೋಲಿ ಹಿಟ್ಟಿನಲ್ಲಿ ನೆಲದ ಮೇಲೆ ಐದು ಬುಟ್ಟಿಯ ದುಂಡು ಬರೆದು, ಕೈಯಲ್ಲಿ ದೀಪವಿದ್ದಂತೆ ಹಿಡಿದು, ಒಬ್ಬಳೇ ಸುತ್ತು ಬರುತ್ತಿದ್ದಳು. ಮೊಣಕೈ ತಾಗಲಿಲ್ಲ. ಆದರೆ ಮನಸ್ಸಿಗೆ ಇನ್ನೂ ಏನೋ ಕಟ್ಟಿದಂತೆ. ಕಿಟಕಿಯ ಎದುರಿನ ಗೋಡೆ ಪ್ರತಿ ಸುತ್ತಿಗೂ ಮುಖಕ್ಕೆ ಬಂದಂತಾಗುತ್ತಿತ್ತು.

ಅದಕ್ಕೆ ಮದ್ದು ಸಿಕ್ಕಿದ್ದು ಸೋಮವಾರ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹಳೆಯ ಕಟಿಂಗ್ ಶಾಪು ಮುಚ್ಚುತ್ತಿತ್ತು. ಐದಡಿಗೆ ನಾಲ್ಕಡಿಯ ಕನ್ನಡಿ, ಒಂದು ಮೂಲೆಯಲ್ಲಿ ಮಾತ್ರ ತುಸು ಮಂಕು. ಮುನೀರ್ ಅದಕ್ಕೆ ಚೌಕಟ್ಟು ಕೂರಿಸಿ, ಆ ಗೋಡೆಯ ಎರಡು ಕಂಬಗಳ ನಡುವೆ ಬೋಲ್ಟು ಹಾಕಿ ನಿಲ್ಲಿಸಿದ. ಗೋಡೆ ಮಾಯವಾಯಿತು. ಅಲ್ಲೊಂದು ಕಿಟಕಿ ತೆರೆದು, ಆ ಕಿಟಕಿಯಾಚೆ ಬೆಳಕು ಬಿದ್ದ ಇನ್ನೊಂದು ಕೋಣೆ ಹುಟ್ಟಿತು. ಮಾಲಾಳಿಗೆ ನಗು ತಡೆಯಲಾಗಲಿಲ್ಲ. ನಾಳೆ ಅತ್ತೆ ಬಂದು ನೋಡುವುದೊಂದೇ ಬಾಕಿ.

ಮಂಗಳವಾರ ಹನ್ನೊಂದು ಗಂಟೆಗೆ ದುರ್ಗಮ್ಮ ಬಂದಳು, ಜೊತೆಗೆ ದೊಡ್ಡ ಸೊಸೆ ಶ್ರೀಲತಾ. ಬಾಗಿಲಲ್ಲಿ ಅತ್ತೆಯ ಮೊಣಕಾಲು ತಾನಾಗಿ ಹಿಂದೆ ಸರಿಯಿತು, ಮಂಚ ಇದ್ದೇ ಇದೆಯೆಂಬಂತೆ. ಮಂಚ ಇರಲಿಲ್ಲ. ಅವಳು ಒಳಗೆ ಕಾಲಿಟ್ಟಳು, ಇನ್ನೊಂದು ಹೆಜ್ಜೆ ಇಟ್ಟಳು, ಏನೂ ತಡೆಯದೆ ಕೋಣೆಯ ನಡುವಿನ ತನಕ ಹೋಗಿ ನಿಂತಳು.

"ಸಾಮಾನೆಲ್ಲ ಮಾರಿಬಿಟ್ಟೇನೇ?"

ಮಾಲಾ ಒಂದೊಂದಾಗಿ ತೋರಿಸಿದಳು. ಮಂಚದ ಕೊಂಡಿ ಬಿಚ್ಚಿ ಇಳಿಸಿ, ಮತ್ತೆ ಏರಿಸಿದಳು. ಚೀಲದ ಬಾಯಿ ತೆರೆದು ಕೌದಿ ತೋರಿಸಿದಳು. ಮುನೀರನೂ ತನ್ನ ಕೆಲಸ ಗೆಲ್ಲುತ್ತದೋ ಸೋಲುತ್ತದೋ ನೋಡಲು ಬಂದು ಬಾಗಿಲ ಹೊರಗೆ ತೀರ್ಥೇಶನ ಪಕ್ಕದಲ್ಲಿ ನಿಂತಿದ್ದ. ದುರ್ಗಮ್ಮ ಕಂಬವೊಂದನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಅದು ಅಲ್ಲಾಡಲಿಲ್ಲ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ, ಆದರೆ ಮಂಚವನ್ನು ಇನ್ನೊಮ್ಮೆ ಇಳಿಸಿ ತೋರಿಸು ಎಂದಳು.

ತುಂಬದ ಪಡ್ಲಿಗೆಯನ್ನು ನೆಲಕ್ಕಿಡುವುದು ಅವರಲ್ಲಿ ಇಲ್ಲ. ಅದಕ್ಕೆ ಐದು ಪಾತ್ರೆಯ ಮುಚ್ಚಳಗಳನ್ನು ಇಟ್ಟರು. ಕೆಳಗಿನ ಮನೆಯ ಇಬ್ಬರು ಹೆಂಗಸರನ್ನು ಕರೆದು ಐವರಾದರು. ದುರ್ಗಮ್ಮ ಮುಂದೆ, ಹಿಂದೆ ಶ್ರೀಲತಾ, ಆ ಇಬ್ಬರು, ಕೊನೆಯಲ್ಲಿ ಮಾಲಾ. ಕೈಯಲ್ಲಿ ದೀಪದ ಬದಲು ಲೋಟ. ಮೊದಲ ಸುತ್ತು ಎಲ್ಲರೂ ಮೈ ಮುದುಡಿಕೊಂಡು ನಡೆದರು. ಎರಡನೆಯದರಲ್ಲಿ ಮೈ ಸಡಿಲಿತು. ಶ್ರೀಲತಾ, ಉಳವಿ ಮನೆಯಲ್ಲಿ ಗೂಟಕ್ಕೆ ಸೆರಗು ಸಿಗುತ್ತಿತ್ತು, ಇಲ್ಲಿ ಅದೂ ಇಲ್ಲ ಎಂದಳು. ಮೂರನೆಯ ಸುತ್ತಿಗೆ ದುರ್ಗಮ್ಮ ನಿಂತುಬಿಟ್ಟಳು. ಹಿಂದಿನವರು ಒಬ್ಬರ ಮೇಲೊಬ್ಬರು ಬಂದು ನಿಂತರು.

ಅವಳು ಕನ್ನಡಿ ನೋಡುತ್ತಿದ್ದಳು.

"ಅಲ್ನೋಡು ಮಾಲಾ. ಆ ಐದು ಜನ ಎಡಕ್ಕೆ ಸುತ್ತುತಾ ಅದಾರೆ."

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟು ತೋರಿಸಿದಳು. ಇಲ್ಲಿ ಮುಚ್ಚಳಗಳು ಅವರ ಬಲಕ್ಕಿದ್ದವು, ದೇವರಿಗೆ ಸುತ್ತುವ ಕ್ರಮದಂತೆ. ಕನ್ನಡಿಯೊಳಗಿನ ಐವರಿಗೆ ಅವು ಎಡಕ್ಕಿದ್ದವು. ಎಡಕ್ಕೆ ಸುತ್ತುವುದು ಒಂದೇ ಕಡೆ, ಮಸಣದಲ್ಲಿ, ಚಿತೆಗೆ. ಕೆಳಗಿನ ಮನೆಯ ಹೆಂಗಸೊಬ್ಬಳು ಲೋಟವನ್ನು ಮೆಲ್ಲಗೆ ಸೆರಗಿನಡಿ ಇಳಿಸಿದಳು.

ತೀರ್ಥೇಶ್ ಹೊರಗಿನಿಂದಲೇ, ಕನ್ನಡಿಯಲ್ಲಿ ಯಾವುದಾದರೂ ತಿರುಗುಮುರುಗೇ ಕಾಣುವುದು ಅವ್ವ, ನೀನು ಬೈತಲೆ ತೆಗೆಯುವಾಗಲೂ ಹಾಗೇ ತಾನೇ ಎಂದ. ಅವಳು ಅವನ ಕಡೆ ತಿರುಗಲೂ ಇಲ್ಲ. ಬೈತಲೆ ತೆಗೆಯುವಾಗ ತಾಯಿಯನ್ನು ಕರೆಯುವುದಿಲ್ಲ ಎಂದಳು. ಕರೆದ ಮೇಲೆ ಅವಳು ಯಾವ ಕೋಣೆಗೆ ಬಂದು ನಿಲ್ಲಬೇಕು? ಬಲಕ್ಕೆ ಸುತ್ತುವವರ ಕಡೆಗೋ, ಎಡಕ್ಕೆ ಸುತ್ತುವವರ ಕಡೆಗೋ?

ಮಾಲಾಳಿಗೆ ಕಾಲಿನ ಕೆಳಗಿನ ನೆಲವೆಲ್ಲ ಮತ್ತೆ ಕಳೆದುಹೋದಂತಾಯಿತು. ಹತ್ತು ದಿನ ಅಳೆದವಳು ನಿನ್ನೆ ಬಂದ ಕನ್ನಡಿಯ ಎದುರು ಒಮ್ಮೆಯೂ ಸುತ್ತಿರಲಿಲ್ಲ. ತೆಗೆಸಿಬಿಡುತ್ತೇನೆ ಎಂದಳು. ಅಷ್ಟರ ಮಟ್ಟಿಗೆ ಮುಚ್ಚಿ ನೋಡೋಣವೆಂದು ತೀರ್ಥೇಶ್ ಹಾಸುವ ಜಮಖಾನೆ ತಂದು ಕನ್ನಡಿಯ ಮೇಲೆ ಇಳಿಬಿಟ್ಟ. ಮತ್ತೆ ಸುತ್ತಿದರು. ಅಡಿ ಲೆಕ್ಕದಲ್ಲಿ ಒಂದಂಗುಲವೂ ಕಡಿಮೆಯಾಗಿರಲಿಲ್ಲ. ಆದರೂ ಎಲ್ಲರ ಮೈ ಮುದುಡಿತು. ಜಮಖಾನೆಯ ಕಪ್ಪು ಕೆಂಪು ಪಟ್ಟೆ ಮುಖಕ್ಕೆ ಬಂದಂತಾಗಿ ಶ್ರೀಲತಾ ಒಳಗೆ ಸರಿದಳು, ಅವಳ ಕಾಲು ತಾಗಿ ಮುಚ್ಚಳವೊಂದು ಠಣ್ ಎಂದು ಉರುಳಿತು.

ದುರ್ಗಮ್ಮ ಬಗ್ಗಿ ಮುಚ್ಚಳವನ್ನು ಎತ್ತಿಕೊಂಡಳು. ಅದನ್ನು ಮರಳಿ ನೆಲಕ್ಕಿಡದೆ ಕೈಯಲ್ಲೇ ಹಿಡಿದುಕೊಂಡಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ.

"ನೀನು ಕಷ್ಟಪಟ್ಟಿದ್ದು ಕಾಣ್ತೈತೆ ತಂಗಿ. ಆದ್ರೆ ಮನೆಗೆ ಬರಾ ತಾಯಿ ಬರಿ ನೆಲ ಅಳೆಯಲ್ಲ."

ಮಾಲಾ ಕಣ್ಣೀರು ಯಾರಿಗೂ ಕಾಣದಿರಲೆಂದು ಸ್ಟೂಲು ಹತ್ತಿ, ಜಮಖಾನೆಯನ್ನು ತೆಗೆಯಲು ಕೈ ಹಾಕಿದಳು. ಒಂದು ಮೂಲೆ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಮೂಲೆ ಕೈ ತಪ್ಪಿ ಜಾರಿತು. ಜಮಖಾನೆ ಓರೆಯಾಗಿ ಇಳಿದು ನಿಂತಿತು. ಕನ್ನಡಿಯ ಮೇಲ್ತುದಿಯ ಒಂದೂವರೆ ಅಡಿಯಷ್ಟು ಬಯಲಾಯಿತು. ಅವಳು ಹಾಗೇ ಸ್ಟೂಲಿನ ಮೇಲಿಂದ ತಿರುಗಿ ನೋಡಿದಳು. ಕೆಳಗಿದ್ದ ನಾಲ್ವರ ಮುಖವೂ ಮೇಲಕ್ಕೆ ಎದ್ದಿತ್ತು. ಯಾವುದೋ ಭಾರ ಇಳಿಸಿದವರಂತೆ ಅವರ ಹೆಗಲು ಸಡಿಲಿತ್ತು.

ಅವಳು ಕೆಳಗೆ ಹಾರಿ, ಅವರ ಪಕ್ಕ ನಿಂತು ನೋಡಿದಳು. ಆ ಒಂದೂವರೆ ಅಡಿಯಲ್ಲಿ ಸೂರು ಮುಂದುವರಿದಿತ್ತು. ಎದುರಿನ ಹಲಗೆ, ಅದರ ಮೇಲಿನ ಚೀಲಗಳ ಸಾಲು, ಕಿಟಕಿಗೆ ಸೂರಿನಿಂದ ಇಳಿಬಿಟ್ಟ ಪರದೆಯ ತುದಿಯ ಬೆಳಕು, ಎಲ್ಲ ಗೋಡೆಯನ್ನು ದಾಟಿ ಆಚೆಗೆ ಹೋಗಿದ್ದವು. ಮನುಷ್ಯರು ಮಾತ್ರ ಯಾರೂ ಇರಲಿಲ್ಲ. ತುದಿಗಾಲಲ್ಲಿ ನಿಂತು ಕತ್ತು ಎತ್ತಿದರೂ ಅವಳ ತಲೆ ಅದರಲ್ಲಿ ಬೀಳಲಿಲ್ಲ.

"ರೀ, ಸ್ಪ್ಯಾನರ್ ತಗೊಂಬನ್ನಿ," ಎಂದಳು. "ಮುನೀರಣ್ಣ, ಇದನ್ನ ಅಡ್ಡ ಮಾಡಿ ಮೇಲಕ್ಕೆ ಎತ್ತಿದ್ರೆ ಸೂರಿಗೆ ತಾಗ್ತದಾ?"

"ತಾಗಂಗಿಲ್ಲಕ್ಕ. ನಿಮ್ಮ ತಲೆಗೂ ತಾಗಂಗಿಲ್ಲ," ಎಂದ ಮುನೀರ್, ಆಗಲೇ ತೋಳು ಮಡಚುತ್ತ.

ಮೊಳೆ ಇಲ್ಲದ ಮನೆಯ ಸುಖ ಆಗ ತಿಳಿಯಿತು. ನಾಲ್ಕು ಬೋಲ್ಟು ಸಡಿಲಿಸಿ, ಕನ್ನಡಿಯನ್ನು ಅಡ್ಡ ಮಲಗಿಸಿ, ಅದರ ಕೆಳಗಿನ ಅರ್ಧಕ್ಕೆ ಮಾಲಾ ಉಳಿದಿದ್ದ ಚೀಲದ ಬಟ್ಟೆಯನ್ನು ಎಳೆದು ಕಟ್ಟಿದಳು. ಬಾಗಿಲಿನ ತಲೆಗಿಂತ ಮೇಲೆ, ಸೂರಿಗೆ ಹತ್ತಿರ, ಐದಡಿ ಉದ್ದದ ಬೆಳಕಿನ ಪಟ್ಟಿ ನಿಂತಿತು. ಎಲ್ಲರಿಗಿಂತ ಎತ್ತರದ ಶ್ರೀಲತಾಳನ್ನು ಕೋಣೆಯ ನಾಲ್ಕೂ ಮೂಲೆಗೆ ನಿಲ್ಲಿಸಿ ನೋಡಿದರು. ಅವಳ ಜಡೆಗೆ ಮುಡಿದ ಸೇವಂತಿಗೆಯೂ ಕಾಣಲಿಲ್ಲ. ದುರ್ಗಮ್ಮ ತಾನೇ ನಡೆದು, ನಿಂತು, ಬಗ್ಗಿ, ಲೋಟ ಮೇಲೆತ್ತಿ ನೋಡಿದಳು. ಕೊನೆಗೆ ಕೈಯಲ್ಲಿದ್ದ ಮುಚ್ಚಳವನ್ನು ಅದರ ಜಾಗಕ್ಕೆ ಇಟ್ಟಳು.

ಈ ಸಲ ಯಾರೂ ಎಣಿಸಲಿಲ್ಲ. ಉಧೋ ಎಂದು ಮೊದಲು ಅಂದದ್ದು ಕೆಳಗಿನ ಮನೆಯ ಹೆಂಗಸು, ಬರಿ ಲೋಟ ಹಿಡಿದಿದ್ದೇವೆ ಎಂಬುದನ್ನು ಮರೆತು. ದುರ್ಗಮ್ಮ ಬೈಯಲಿಲ್ಲ. ತಲೆಯನ್ನು ತುಸು ಮೇಲಕ್ಕೆತ್ತಿ ನಡೆಯುತ್ತಿದ್ದಳು. ಐದು ಮುಗಿದ ಮೇಲೂ ಒಂದರ್ಧ ಸುತ್ತು ಹೆಚ್ಚಿಗೆ ಹೋಗಿ ನಿಂತು, ಹುಣ್ಣಿಮೆಗೆ ಹೂರಣಕ್ಕೆ ಬೇಳೆ ಎಷ್ಟು ನೆನೆಹಾಕುತ್ತೀ ಎಂದು ಕೇಳಿದಳು. ಅವಳ ಒಪ್ಪಿಗೆ ಎಂದರೆ ಅಷ್ಟೇ.

ಹುಣ್ಣಿಮೆಯ ಬೆಳಿಗ್ಗೆ ಪಡ್ಲಿಗೆಗಳು ಉಳವಿಯಿಂದ ಶ್ರೀಲತಾಳ ತಲೆಯ ಮೇಲೆ ಕೂತು ಬಂದವು. ಮಾಲಾ ಬೆಳಕು ಹರಿಯುವ ಮೊದಲೇ ಮಿಂದು, ಇದ್ದ ಸಣ್ಣ ಅಡುಗೆಮನೆಯಲ್ಲಿ ಒಬ್ಬಳೇ ಬೇಯಿಸಿದ್ದಳು. ಅರಿಸಿನ ಬಳಿದಳು, ಕುಂಕುಮವಿಟ್ಟಳು, ಕಂಬಳಿ ಹಾಸಿ ಐದನ್ನೂ ಕೂಡಿಸಿ, ಹರಕೆ ಹೊತ್ತಂತೆ ತನ್ನ ಕೈಯಾರೆ ತುಂಬಿದಳು. ತೀರ್ಥೇಶ್ ಬಲಗೈಯಲ್ಲಿ ಕಡ್ಡಿ ಗೀರಿ ಐದು ದೀಪ ಹಚ್ಚಿಕೊಟ್ಟ. ರಶೀದಾ ಬಂದು ಬಾಗಿಲ ಹೊರಗೆ ಮಕ್ಕಳ ಜೊತೆ ನಿಂತಿದ್ದಳು. ಪಂಚಾಕ್ಷರಪ್ಪನವರೂ ಬಂದು, ಗೋಡೆಗಳನ್ನು ಕಣ್ಣಲ್ಲೇ ತಡವಿ, ಎಲ್ಲಿಯೂ ತೂತು ಸಿಗದೆ, ಆಮೇಲೆ ಕೈ ಮುಗಿದರು.

ಐವರೂ ಸುತ್ತತೊಡಗಿದರು. ಮೊದಲ ಸುತ್ತಿನಲ್ಲಿ ಮಾಲಾಳ ಕಣ್ಣು ಮೊಣಕೈಯ ಮೇಲಿತ್ತು. ಎರಡನೆಯದರಲ್ಲಿ ದೀಪದ ಮೇಲೆ. ಮೂರನೆಯದರಿಂದ ಆಚೆಗೆ ಅವಳಿಗೆ ಗೋಡೆ ಎಲ್ಲಿದೆ ಎಂಬುದೇ ನೆನಪಿಗೆ ಬರಲಿಲ್ಲ. ಹೋಳಿಗೆಯ ಬಿಸಿ ಪರಿಮಳ, ಬಳೆಗಳ ಸದ್ದು, ಮುಂದೆ ನಡೆಯುವವರ ಉಧೋ, ಹಿಂದಿನಿಂದ ಸೇರಿಕೊಳ್ಳುವ ತನ್ನ ಉಧೋ. ಆ ಹೊತ್ತಿಗೆ ಆ ಮನೆಗೆ ಯಾರು ಬಂದರು, ಎಲ್ಲಿ ನಿಂತರು ಎಂದು ಹೇಳುವುದು ಕತೆಯ ಕೆಲಸವಲ್ಲ. ಐದು ದೀಪದಲ್ಲಿ ಒಂದೂ ನಂದಲಿಲ್ಲ.

ಪ್ರಸಾದ ಹಂಚಿ ಎಲ್ಲರೂ ಉಂಡೆದ್ದಾಗ ಮಧ್ಯಾಹ್ನ ಇಳಿದಿತ್ತು. ಬಸ್ಸಿನ ಹೊತ್ತಾಯಿತೆಂದು ದುರ್ಗಮ್ಮ ಬರಿದಾದ ಬುಟ್ಟಿಗಳನ್ನು ಒರೆಸಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ನಾಲ್ಕನ್ನು ಕಟ್ಟಿದಳು. ನಡುವಿನದನ್ನು ಎತ್ತಿ ಮಾಲಾಳ ಮಡಿಲಿಗೆ ಕೊಟ್ಟಳು. ಅವರಲ್ಲಿ ಮಗ ಬೇರೆ ಒಲೆ ಹೂಡಿದ ಮೇಲೆ, ಆ ಒಲೆಯದು ಮನೆ ಎಂದು ಹಿರಿಯರಿಗೆ ಅನಿಸಿದ ದಿನ, ಒಂದು ಪಡ್ಲಿಗೆ ಅಲ್ಲಿ ಉಳಿಯುತ್ತದೆ. ಆರು ವರ್ಷದಿಂದ ಯಾರೂ ಆ ಮಾತೆತ್ತಿರಲಿಲ್ಲ.

"ಇದು ಇಲ್ಲೇ ಇರ್ಲಿ," ಎಂದಳು. "ಕಾಲು ಚಾಚೋ ಕಡೆ ಇಡಂಗಿಲ್ಲ, ಇದರ ಮೇಲೆ ಇನ್ನೊಂದು ಸಾಮಾನು ಹೇರಂಗಿಲ್ಲ, ಎಂಜಲ ಕೈ ತಾಗಂಗಿಲ್ಲ. ಎಲ್ಲಿಡ್ತೀ ಹೇಳು."

ಮಾಲಾ ಬುಟ್ಟಿಯನ್ನು ಎದೆಗೆ ಹಿಡಿದುಕೊಂಡೇ ಕೋಣೆಯ ನಡುವೆ ನಿಂತು ಒಂದೊಂದೇ ಮೂಲೆ ನೋಡಿದಳು. ಮಂಚ ಇಳಿಯುವ ಕಡೆ ಬೇಡ. ಅಡುಗೆಮನೆಯ ಹೊಗೆ ಬರುವ ಕಡೆ ಬೇಡ. ಚೀಲಗಳ ಸಾಲಿನಲ್ಲಿ ಬೇಡ. ಪೂರ್ವದ ಮೂಲೆಯ ಕಂಬದಲ್ಲಿ, ಹಲಗೆಯ ಸಾಮಾನಿಗೂ ಸೂರಿಗೂ ನಡುವೆ, ಒಂದೂವರೆ ಅಡಿ ಬರಿ ಗಾಳಿ ಇತ್ತು. ಕೊರಳಿನಿಂದ ಟೇಪು ತೆಗೆದು ಗಂಡನ ಕೈಗೆ ಕೊಟ್ಟಳು.

"ಅಲ್ಲಿ ಅಳೀರಿ," ಎಂದಳು.

ಅವನು ಸ್ಟೂಲು ಎಳೆದುಕೊಂಡು ಹತ್ತಿದ.